ಬರ್ಲಾಕತ್ತದ

ಸೂಪರ್ ಮಾರ್ಕೆಟ್ಟಿನ ಹಿಂದೆ, ಔಷಧಿ ಅಂಗಡಿಯ ಮಾಳಿಗೆಯ ಮೇಲೆ
ಎಂಟು ಕುರ್ಚಿ, ಆರು ಕಂಪ್ಯೂಟರು, ಸದ್ದು ಮಾಡುವ ಒಂದು ಕೂಲರು.
ನೂರು ವಾಕ್ಯಕ್ಕೆ ಇಷ್ಟೆಂದು ಕೂಲಿ.
ತೆರೆಯ ಮೇಲೆ ಒಂದೊಂದೇ ವಾಕ್ಯ ಬಂದು ನಿಲ್ಲುತ್ತದೆ.
ಕೆಳಗೆ ಎರಡು ಗುಂಡಿ: ಸರಿ, ತಪ್ಪು.
ಯಾಕೆ ತಪ್ಪು ಎಂದು ಬರೆಯಲು ಜಾಗವಿಲ್ಲ.
ಒಳ್ಳೆಯದೇ ಆಯಿತು,
ಯಾಕೆಂದು ನನಗೂ ಗೊತ್ತಿಲ್ಲ.

‘ಕಪಾಟಿನ ಕೀಲಿ ಅವನು ನನಗೆ ಕೊಡಿದನು’
ಎಂದು ಬರೆದಿತ್ತು ಯಂತ್ರ, ಮೊದಲ ವಾರ.
ಅದರ ತಪ್ಪಲ್ಲ ಅನ್ನಿ.
ಮಾಡಿದನು ಓದಿತ್ತು, ನೋಡಿದನು ಓದಿತ್ತು,
ಹಾಡಿದನು, ಓಡಿದನು, ಬೇಡಿದನು;
ಸಾಲಾಗಿ ನಿಂತ ಇಷ್ಟು ಮಂದಿಯ ನಡುವೆ
ಕೊಟ್ಟನು ಒಬ್ಬನೇ ಬೇರೆ ಅಂಗಿ ತೊಟ್ಟು ಬರುತ್ತಾನೆಂದು
ಯಾರು ಹೇಳಬೇಕಿತ್ತು ಅದಕ್ಕೆ?
ನಗುತ್ತ ತಪ್ಪು ಒತ್ತಿದೆ.
ಒತ್ತಿದ ಮೇಲೆ ಬೆರಳು ಅಲ್ಲೇ ಉಳಿಯಿತು.

ನಾನೂ ಹಾಗೇ ಅಂದಿದ್ದೆ, ಏಳರ ವಯಸ್ಸಿನಲ್ಲಿ,
ಶಹಾಬಾದಿನ ಫರಸಿ ಕಲ್ಲಿನ ಖಣಿಯ ಬಾಯಲ್ಲಿ.
ಅಬ್ಬಾ ಅಲ್ಲಿ ಲಾರಿಗಳ ಲೆಕ್ಕ ಬರೆಯುತ್ತಿದ್ದರು.
ಮನೆಯಲ್ಲಿ ಉರ್ದು. ಹೊರಗೆ ಸೂಗಮ್ಮ.
‘ಸೂಗಮ್ಮಾ, ಅಬ್ಬಾ ರೊಕ್ಕ ಕೊಡಿದ್ರು.’
ಸಿಂಬಿಯ ಮೇಲೆ ಕಲ್ಲು ಹೊತ್ತವಳು ನಿಲ್ಲಲಿಲ್ಲ, ನಗಲಿಲ್ಲ,
‘ಕೊಟ್ರಾ? ಎಷ್ಟ ಕೊಟ್ರ, ಖುರ್ಷಿದಾ?’
ಅಂತ ಕೇಳುತ್ತಲೇ ಮುಂದೆ ಹೋದಳು.
ಅಷ್ಟೇ ನನ್ನ ಶಾಲೆ.
ವ್ಯಾಕರಣವೆಂಬುದು ಒಂದಿದೆಯೆಂದು ಅವಳಿಗೆ ಗೊತ್ತಿರಲಿಲ್ಲ;
ಎಲ್ಲಿ ಉಳಿ ಇಟ್ಟರೆ ಕಲ್ಲು ಪದರು ಬಿಡುತ್ತದೆಂದು ಗೊತ್ತಿತ್ತು.

ತಿಂಗಳೆರಡಾದವು. ಅಂಬಾರಾಯ ಹೇಳುವುದು:
ವಾಕ್ಯದ ಒಂದು ಪದದ ಮೇಲೆ ಕೈ ಮುಚ್ಚುತ್ತಾರಂತೆ,
ಏನಿದ್ದೀತು ಹೇಳು ಅನ್ನುತ್ತಾರಂತೆ ಅದಕ್ಕೆ,
ಕೋಟಿ ಸಲ, ಮತ್ತೆ ಕೋಟಿ ಸಲ.
ಈಗ ಅದು ಮನೆಗೆ ಅನ್ನುತ್ತದೆ, ಮರಕ್ಕೆ ಅನ್ನುತ್ತದೆ.
ಮರಗೆ ಅನ್ನುವುದನ್ನು ಯಾವ ರಾತ್ರಿ ಬಿಟ್ಟಿತೋ,
ನಾವು ಕೆಳಗೆ ಶಟರ್ ಎಳೆದು ಹೋಗಿದ್ದೆವು.
ಬಸ್ಸು ಬಂತು ಅನ್ನುತ್ತದೆ, ಸಾಹೇಬರು ಬಂದರು ಅನ್ನುತ್ತದೆ.
ಯಾವ ಸಾಹೇಬರನ್ನೂ ಅದು ಕಂಡಿಲ್ಲ,
ಎದ್ದು ನಿಲ್ಲಲು ಅದಕ್ಕೆ ಮೊಣಕಾಲಿಲ್ಲ,
ಆದರೂ ಕ್ರಿಯಾಪದ ಎದ್ದು ನಿಲ್ಲುತ್ತದೆ.

‘ನಾನು ಹಸಿವು ಇದ್ದೇನೆ’ ಎಂದು ಮಾತ್ರ ಬಹಳ ದಿನ ಬರೆಯಿತು.
ಹಸಿವು ನಾವು ಇರುವುದಲ್ಲವೋ, ನಮಗೆ ಆಗುವುದು.
ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ, ನೆನಪು ಬರುತ್ತದೆ,
ನಾವು ಬಾಗಿಲಲ್ಲಿ ‘ಗೆ’ ಎಂಬ ಚಾಪೆ ಹಾಸಿ ಕೂತಿರುತ್ತೇವೆ.
ಇದೊಂದರಲ್ಲಿ ಅಬ್ಬಾನ ಮಾತೂ ಸೂಗಮ್ಮನ ಮಾತೂ
ಒಂದೇ ತಾಟಿನಲ್ಲಿ ಉಂಡವು.

ನಿನ್ನೆ ತೆರೆಯ ಮೇಲೆ ಬಂತು:
‘ಆಕಿ ಮನಿಗಿ ಹೊಂಟಾಳ.’
ಯಾರ ಬಾಯಿಂದ ಜಾರಿ ಬಿದ್ದಿತ್ತೋ.
ಅಂಬಾರಾಯನ ಕಾಗದ ಗೋಡೆಯ ಮೇಲಿದೆ:
ಮನೆಗೆ ಸರಿ, ಮನಿಗಿ ತಪ್ಪು.
ಅಂಟಿಸಿದವನು ಅಫಜಲಪುರದವನೇ;
ಫೋನಿನಲ್ಲಿ ಹೆಂಡತಿಗೆ ಏನನ್ನುತ್ತಾನೆಂದು
ನಾವು ಆರೂ ಜನ ದಿನಾ ಕೇಳುತ್ತೇವೆ.
ಸರಿ ಒತ್ತಿದೆ.
ಕೋಟಿಯಲ್ಲಿ ಒಂದು. ತೂಕಕ್ಕೂ ಬಾರದು.
ಆದರೂ ಆಮೇಲಿನ ಹತ್ತು ವಾಕ್ಯ
ಓದದೆಯೇ ದಾಟಿಬಿಟ್ಟೆ, ಎದೆ ಬಡಿಯುತ್ತಿತ್ತು.

ಸಂಜೆ ಸ್ಟೇಷನ್ನಿನಲ್ಲಿ ವಾಡಿ ಪ್ಯಾಸೆಂಜರಿಗೆ ಕಾಯುವಾಗ
ಬೆಂಚಿನ ಆ ತುದಿಯ ಮುದುಕಿ ಕೇಳಿದಳು,
‘ಏನ್ ಕೆಲಸ ಮಾಡ್ತಿಯವ್ವಾ?’
‘ಮಷೀನಿಗಿ ಕನ್ನಡ ಕಲಿಸ್ತೀನಿ, ಆಯಿ.’
‘ಬರ್ತದೇನು ಅದಕ?’
ಹಳಿಯ ಕಡೆ ನೋಡಿದೆ.
ಸಿಗ್ನಲ್ಲು ಇನ್ನೂ ಕೆಂಪಗಿತ್ತು.
‘ಬರ್ಲಾಕತ್ತದ,’ ಅಂದೆ,
‘ಇನ್ನಾ ಗಾಣಗಾಪುರ ದಾಟಿಲ್ಲ.’

ಆಕಿ ಗಾಡಿ ಮಾತಂತ ತಿಳಕೊಂಡು
ಚೀಲ ತಲಿಗಿ ಇಟಗೊಂಡು ಅಡ್ಡಾದಳು.