ಹಾಳೆ ಇಪ್ಪತ್ತೊಂದು

ಹಂಟ್ಸ್‌ವಿಲ್, ಅರವತ್ತೈದರ ಜುಲೈ.
ಫ್ಯಾನು ಹಾಕಿದರೆ ನಕ್ಷೆ ಹಾರುತ್ತದೆ,
ಹಾಕದಿದ್ದರೆ ಹಾಳೆಗೆ ಬೆವರು.
ವರ್ಲೀನ್ ಹಟ್ಟೊ ಬೆವರನ್ನೇ ಆರಿಸಿಕೊಂಡು
ಮಣಿಕಟ್ಟಿಗೆ ಗಂಡನ ಕರವಸ್ತ್ರ ಸುತ್ತಿ ಕೂತಿದ್ದಾಳೆ.

ಮೇಜಿನುದ್ದಕ್ಕೂ ಮಲಗಿದೆ ರಾಕೆಟ್ಟು.
ಮೂರು ವರ್ಷದ ಪರಿಚಯ. ಯಾವ ಹೊಲಿಗೆ ಎಲ್ಲಿ ಬಿಗಿ,
ಯಾವ ಕೊಳವೆ ಎಲ್ಲಿ ನುಸುಳುತ್ತದೆ
ಕಣ್ಣುಮುಚ್ಚಿ ಹೇಳಿಯಾಳು.
ಇವತ್ತಿನ ಚೀಟಿ ಹೇಳುತ್ತದೆ:
ಎರಡೂ ಪಕ್ಕಕ್ಕೆ ಒಂದೊಂದು ಬೂಸ್ಟರ್ ಕಟ್ಟಿ.
ಘನ ಇಂಧನದ್ದು. ಸುಮ್ಮನೆ, ನೋಡುವುದಕ್ಕೆ.

ಸುಮ್ಮನೆ ನೋಡುವುದಕ್ಕೆಂದು ಶುರುವಾಗದ್ದು
ಯಾವುದಿದೆ ಈ ಕಟ್ಟಡದಲ್ಲಿ?

ಮಂಗಳವಾರ ಎರಡು. ಗುರುವಾರ ನಾಲ್ಕು.
ಮುಂದಿನ ವಾರ ಸ್ಟೆಗಾಲ್ ಸಾಹೇಬ ಬಾಗಿಲಲ್ಲೇ ನಿಂತು
ಬಾಯಿಂದ ಪೈಪು ತೆಗೆಯದೆ, 'ಆರಾದರೆ?' ಎಂದ.
ಆರಾದರೆ ಟ್ಯಾಂಕು ಇನ್ನಷ್ಟು ಉದ್ದ ಎಳೆಯಬಹುದು,
ಎಳೆದರೆ ಭಾರ, ಭಾರಕ್ಕೆ ಮತ್ತೆರಡು...
ಕೌಪೀನ ಉಳಿಸಲು ಬೆಕ್ಕು, ಬೆಕ್ಕಿಗೆ ಹಸು,
ಹಸುವಿಗೊಬ್ಬಳು ಹೆಂಡತಿ: ನಮ್ಮ ಸನ್ಯಾಸಿಯ ಕಥೆ
ವರ್ಲೀನಳಿಗೆ ಗೊತ್ತಿಲ್ಲ. ಗೊತ್ತಿದ್ದರೆ
ನಗುತ್ತಿದ್ದಳು, ತುಟಿಯಲ್ಲಿ ಪೆನ್ಸಿಲು ಕಚ್ಚಿಕೊಂಡೇ.

ಅವಳ ತಮ್ಮ ಡಾಯ್ಲ್ ಇಂಧನ ಕಲೆಸುವವನು
ನದಿಯಾಚೆಗಿನ ದಪ್ಪಗೋಡೆಯ ಶೆಡ್ಡಿನಲ್ಲಿ.
ಎಡಗಡೆಯ ಹುಬ್ಬಿಲ್ಲ, ಹೇಗೆ ಹೋಯಿತೆಂದು ಹೇಳುವುದಿಲ್ಲ.
ಒಂದು ಭಾನುವಾರ, ಹುರಿದ ಕೋಳಿಯ ತಟ್ಟೆಯ ಪಕ್ಕ,
ಬೆರಳು ಗಾತ್ರದ ಕಂದು ತುಂಡೊಂದನ್ನಿಟ್ಟ.
'ಹೆದರಬೇಡ. ಉಪ್ಪು ಹಾಕಿಲ್ಲ ಇದಕ್ಕೆ.'
ಒತ್ತಿದಳು. ತಗ್ಗಿ ಮತ್ತೆ ಎದ್ದಿತು.
ಮೂಸಿದಳು. ಹೊಸ ಟೈರಿನ ವಾಸನೆ.
'ಅಯ್ಯೋ, ಇದು ರಬ್ಬರು ಕಣೋ, ನಾನು ಅಳಿಸುವ ರಬ್ಬರು!'
'ಅದೇ. ಉಪ್ಪು ಬಿದ್ದ ಮೇಲೆ ಮಾತ್ರ
ಇದು ಹಚ್ಚಿದ್ದನ್ನು ಯಾರೂ ಅಳಿಸಲಾರರು.'

ದ್ರವಕ್ಕಾದರೆ ನಲ್ಲಿಯಿದೆ. ತಪ್ಪಾಯಿತೆನಿಸಿದರೆ
ತಿರುಗಿಸಬಹುದು, ಹಬೆಯಾಡುತ್ತ ನಿಂತೀತು,
ನಾಳೆ ನೋಡೋಣ ಅನ್ನಬಹುದು.
ಇದು ಹಾಗಲ್ಲ. ಇದು ಆಡಿದ ಮಾತು.

ಸೋಮವಾರ ಆರರ ನಕ್ಷೆಗೆ ಕೈಯಿಟ್ಟಾಗ
ಅಪ್ಪನ ಪೆಟ್ಟಿಗೆ ನೆನಪಾಯಿತು.
ಆರು ಜನ ಹೊತ್ತಿದ್ದರು, ಹತ್ತಿಹೊಲದ ಅಂಚಿನಲ್ಲಿ.
ಕೊನೆಯವನು ಗಿಡ್ಡ. ಒಂದು ಕ್ಷಣ ತಡವಾಗಿ ಎತ್ತಿದ.
ಅಪ್ಪ ಒಳಗೇ ವಾಲಿದ ಸದ್ದು
ಅವಳಿಗೊಬ್ಬಳಿಗೆ ಕೇಳಿಸಿತ್ತು.

ಹೊತ್ತುಕೊಳ್ಳುವುದು, ಹೊತ್ತಿಕೊಳ್ಳುವುದು:
ನಮಗೆ ಕೊಂಬು ಗುಡಿಸಿನಷ್ಟೇ ವ್ಯತ್ಯಾಸ.
ಆರರಲ್ಲೊಂದು ಅರೆಗಳಿಗೆ ತಡೆದರೂ
ಇಡೀ ಗೋಪುರ ಆ ಕಡೆಗೆ ತಲೆಬಾಗೀತು.
ಅವಳು ಅಂಚಿನಲ್ಲಿ ಸಣ್ಣದಾಗಿ ಬರೆದಳು:
'ಎಲ್ಲವೂ ಒಟ್ಟಿಗೇ ಹೊತ್ತುವವೆಂದು ಯಾರು ಹೇಳಿದರು?'
ಪ್ರಶ್ನಾರ್ಥಕ ಚಿಹ್ನೆ ಕೇಳುವುದು ಅವಳ ಕೆಲಸವಲ್ಲ.
ಅಳಿಸಿದಳು, ತಮ್ಮ ಕೊಟ್ಟ ತುಂಡಿನಿಂದಲೇ.
ಅಳಿಸಿತು. ಕಂದು ಕಲೆಯೊಂದು ಉಳಿಯಿತು.

ಸ್ಟೆಗಾಲ್ ಸಾಹೇಬ ಕಲೆಯನ್ನು ಬೆಳಕಿಗೆ ಹಿಡಿದು ನೋಡಿದ.
ಓದಿದನೋ ಇಲ್ಲವೋ.

ಎರಡು, ನಾಲ್ಕು, ಆರು, ಮತ್ತೆ ಎರಡು.
ಅಕ್ಟೋಬರಿನಲ್ಲಿ ಎಲ್ಲದರ ಮೇಲೂ ಮುದ್ರೆ: ಸದ್ಯಕ್ಕೆ ಬೇಡ.
ದುಡ್ಡಿಲ್ಲ ಅಂದರು, ಕಾಲವಿಲ್ಲ ಅಂದರು,
ಬರಿಗೈಯವನೇ ಗಟ್ಟಿಗ ಅಂದರು.
ಇಪ್ಪತ್ತೊಂದು ಹಾಳೆ ಉಕ್ಕಿನ ಡ್ರಾಯರಿಗೆ ಹೋದವು.
ರಾಕೆಟ್ಟು ಯಾರ ಹೆಗಲೂ ಇಲ್ಲದೆ ಹೋಯಿತು, ಚೆನ್ನಾಗಿಯೇ ಹೋಯಿತು.
ಕಂದು ತುಂಡು ಮಗಳು ರಿಟಾ ಫೇ ಕೈಸೇರಿ
ಭಾಗಾಕಾರದ ತಪ್ಪುಗಳಲ್ಲಿ ಸವೆಯಿತು.

ಹದಿನಾರು ವರ್ಷದ ಮೇಲೆ, ಏಪ್ರಿಲ್, ಟೀವಿಯಲ್ಲಿ
ಬೇರೆಯದೇ ವಾಹನ. ಎರಡು ಪಕ್ಕಕ್ಕೆ
ಎರಡು ಬಿಳಿ ಕಂಬ. ಎರಡೂ ಒಟ್ಟಿಗೆ ಹೊತ್ತಿದವು.
ಮಗಳು ಚಪ್ಪಾಳೆ ತಟ್ಟಿದಳು.
ವರ್ಲೀನ್ ಕನ್ನಡಕ ಮೂಗಿಗೇರಿಸಿ ಮುಂದೆ ಬಾಗಿ,
'ಆ ತೋಳು ನೋಡು,' ಎಂದಳು,
'ನಾನಾಗಿದ್ದರೆ ಒಂದು ಗೇಣು ಕೆಳಗೆ ಹಾಕುತ್ತಿದ್ದೆ.'