ದೀಪದ ಮೇಲೊಂದು ಬೊಟ್ಟು

ಆರ್‌ಸಿ ಪುಸ್ತಕದಲ್ಲಿ ನಾನು ಮೂರನೆಯವಳು.
ಮೊದಲನೆಯವನು ಜಲ್ಲಿ ಕಂಟ್ರಾಕ್ಟರು, ಮುಖ ನೋಡಿಲ್ಲ,
ಹಿಂಬಾಗಿಲ ತಗ್ಗೊಂದೇ ಅವನ ಸಹಿ.
ಎರಡನೆಯವರು ಬುಡೇನ್ ಸಾಬರು, ಶಿಡ್ಲಘಟ್ಟದ ರೀಲರು,
ಹನ್ನೊಂದು ವರ್ಷ ಹಿಂದಿನ ಸೀಟು ಮಡಚಿ
ಹೋಗುವಾಗ ಗೂಡಿನ ಮೂಟೆ,
ಬರುವಾಗ ನೂಲು ಬಿಚ್ಚಿ ಉಳಿದ ಹುಳದ ಚೀಲ.

ಸೀಟು ಕವರು ಎರಡು ಸಲ ಬದಲಿಸಿದೆ,
ಕರ್ಪೂರ ಇಟ್ಟೆ, ನಿಂಬೆಹಣ್ಣು ಇಟ್ಟೆ.
ಮಳೆ ಬಂದು ಗಾಜು ಏರಿಸಿದರೆ ಸಾಕು,
ಬೆಂದ ಹುಳದ ವಾಸನೆ ಎದ್ದು ಕೂರುತ್ತದೆ,
ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ, ಕಿಟಕಿ ಪಕ್ಕ.

ನಂಬರ್ ಪ್ಲೇಟಿನಲ್ಲಿ ಇನ್ನೂ ಸೊನ್ನೆ ಏಳು.
ಜಿಲ್ಲೆ ಎರಡಾಗಿ ನಮಗೆ ನಲವತ್ತು ಬಂದರೂ
ಕ್ವಾಲಿಸ್ಸಿನ ಹಣೆಯಲ್ಲಿ ಕೋಲಾರವೇ.
ಬೆಳಿಗ್ಗೆ ಹೀಟರಿನ ದೀಪ ಆರುವವರೆಗೆ ಕಾಯಬೇಕು,
ಆಮೇಲೆ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು
ಬೇರೆ ಯಾರೂ ಮಾತಾಡಬಾರದೆಂಬಂತೆ ಶುರುವಾಗುತ್ತದೆ.
ಮೇಲೂರಿನ ಶಾಲೆಗೆ ಐದು ಜನ ಟೀಚರುಗಳು ನಾವು
ಆ ಸದ್ದಿನ ಮೇಲೆ ಕೂಗಿ ಕೂಗಿ
ಪ್ರಾರ್ಥನೆಗೆ ಮುಂಚೆಯೇ ದನಿ ಕಳಕೊಂಡವರು.

ಬುಡೇನ್ ಸಾಬರು ಸಂತೆಯಲ್ಲಿ ಸಿಕ್ಕರೆ
ವಿಚಾರಿಸುವುದು ನನ್ನನ್ನಲ್ಲ:
"ಹೆಂಗವಳೆ ಮೇಡಮ್ಮೋರೆ? ಟಯೋಟಾ ಅಂದ್ರೆ ಟಯೋಟಾನೇ.
ನಿಲ್ಲೋದು ಅಂದ್ರೇನಂತಾನೇ ಗೊತ್ತಿಲ್ಲ ಅವಳಿಗೆ."

ನಿಲ್ಲುವುದು ಗೊತ್ತಿದ್ದಕ್ಕೇ ಆ ಮನೆತನ ಹೆಸರಾಯಿತು,
ಅದನ್ನು ಸಂತೆಯಲ್ಲಿ ಹೇಳುವುದು ಹೇಗೆ?
ಜಪಾನಿನ ಒಂದು ಹಳ್ಳಿಯಲ್ಲಿ ಬಡಗಿಯ ಮಗನೊಬ್ಬ
ಎಳೆ ಕಡಿದರೆ ತಾನಾಗಿ ನಿಲ್ಲುವ ಮಗ್ಗ ಮಾಡಿದ.
ಮಗ್ಗದ ಹಕ್ಕು ಇಂಗ್ಲೆಂಡಿಗೆ ಹೋಯಿತು,
ಮಗನ ತಲೆಗೆ ಕಾರು ಹೊಕ್ಕಿತು.
ಮನೆಹೆಸರಿನ ಡ ಅಳಿಸಿ ಟ ಬರೆದರು,
ಅವರ ಲಿಪಿಯಲ್ಲಿ ಹಾಗಾದರೆ ಎಂಟೇ ಗೀಟು, ಎಂಟು ಶುಭವಂತೆ.
ಬಸ್‌ಸ್ಟ್ಯಾಂಡಿನ ಬೇಕರಿ ಚನ್ನರಾಯಪ್ಪ
ಬೋರ್ಡಿಗೆ ಇನ್ನೊಂದು ಎ ಸೇರಿಸಿದಾಗ ನಕ್ಕಿದ್ದೆ.
ಈಗ ನಗುವುದಿಲ್ಲ, ಬನ್ನು ಕೊಳ್ಳುತ್ತೇನೆ.

ಬಿಡದಿಯಲ್ಲಿ ಕ್ವಾಲಿಸ್ಸು ಹುಟ್ಟಿದ್ದು ಐದೇ ವರ್ಷ.
ಇನ್ನೂ ಕೊಳ್ಳುವವರಿರುವಾಗಲೇ ಸಾಕೆಂದರು,
ಇನ್ನೋವಾ ತಂದರು. ಸಾಬರಿಗೆ ಇವತ್ತಿಗೂ ಸಿಟ್ಟು:
"ಓಡೋ ಕುದುರೇನ ಯಾರಾನಾ ಕಟ್ಟಾಕ್ತಾರಾ?"

ಡ್ಯಾಷ್‌ಬೋರ್ಡಿನಲ್ಲಿ ಒಂದು ಸಣ್ಣ ದೀಪ.
ಲಕ್ಷ ಕಿಲೋಮೀಟರಿಗೊಮ್ಮೆ ಹತ್ತುತ್ತದೆ, ಬೆಲ್ಟು ಬದಲಿಸು ಎಂದು.
ಹತ್ತಿತು.
ಸಂಬಳ ತಡವಾಗಿತ್ತು, ಪರೀಕ್ಷೆ ಹತ್ತಿರವಿತ್ತು,
ಗಾಡಿಯೇನೋ ಓಡುತ್ತಿತ್ತು.
ಕಣ್ಣಿಗೆ ಚುಚ್ಚುತ್ತದೆಂದು ಹಣೆಯ ಬೊಟ್ಟು ತೆಗೆದು
ಅದರ ಮೇಲಂಟಿಸಿದೆ. ಲಕ್ಷಣವಾಗಿ ಒಪ್ಪಿತು.

ಎಂಟು ತಿಂಗಳ ಮೇಲೆ, ಚಿಂತಾಮಣಿ ರಸ್ತೆಯಲ್ಲಿ,
ಟಪ್ ಎಂದಿತು, ಅಷ್ಟೇ.
ಐದೂ ಜನ ಒಟ್ಟಿಗೆ ಸುಮ್ಮನಾದೆವು.
ದಿನಾ ಹಾದುಹೋಗುವ ಹಿಪ್ಪುನೇರಳೆ ತೋಟದಲ್ಲಿ
ಸೊಪ್ಪು ಬಿಡಿಸುವ ಪಟಪಟ ಸದ್ದು
ಅವತ್ತೇ ಮೊದಲು ಕೇಳಿದ್ದು.

ಮೆಕ್ಯಾನಿಕ್ ಪಿಳ್ಳಾಂಜಿನಪ್ಪ ಮುಚ್ಚಳ ಬಿಚ್ಚಿ
ಕಡಿದ ಬೆಲ್ಟಿನ ಎರಡು ತುದಿ ಹಿಡಿದು ತೋರಿಸಿದ.
"ರಾಕರು ಹೋಗವೆ. ವಾಲ್ವು ಉಳಕಂಡವೆ, ನಿಮ್ಮ ಪುಣ್ಯ.
ಲೈಟು ಹತ್ತಿರಲಿಲ್ವಾ ಅಮ್ಮಾ?"
ನಾನು ಬೊಟ್ಟಿನ ಕಡೆ ನೋಡಲಿಲ್ಲ.
ಅವನು ನೋಡಿದ. ಬಿಲ್ಲಿನಲ್ಲಿ ಬರೆಯಲಿಲ್ಲ.

ಸಾಬರಿಗೆ ನಾನೇ ಹೇಳಬೇಕೆಂದು ಅವರ ಯೂನಿಟ್ಟಿಗೆ ಹೋದೆ.
ಅವರಿರಲಿಲ್ಲ. ಬೇಸಿನ್ನಿನ ಮುಂದೆ ನೂರುನ್ನಿಸಾ,
ಕುದಿನೀರಿಗೆ ಬೆಳ್ಳಗಾದ ಬೆರಳು.
ಎಳೆ ಕಡಿಯಿತು; ನನಗೆ ಕಾಣಲೇ ಇಲ್ಲ.
ಆಕೆ ಚರಕ ನಿಲ್ಲಿಸಿ, ನೀರಲ್ಲಿ ತುದಿ ಹುಡುಕಿ,
ಇನ್ನೊಂದು ಗೂಡಿನ ಎಳೆಗೆ ಸೇರಿಸಿ, ಮತ್ತೆ ತಿರುಗಿಸಿದಳು,
ಬಾಯಲ್ಲಿ ಎಲೆಯಡಿಕೆ, ಮಾತು ನನ್ನೊಡನೆ:
"ಕೂತ್ಕೊಳ್ಳಿ, ಟೀ ತರಿಸ್ತೀನಿ. ಗಾಡಿ ಚೆನ್ನಾಗೈತಾ?"

ಚೆನ್ನಾಗಿದೆ ಅಂದೆ.

ಹೊಸ ಬೆಲ್ಟು ಬಂತು, ದೀಪ ಆರಿತು.
ಬೊಟ್ಟು ಕಿತ್ತರೂ ಅಂಟು ಹೋಗಲಿಲ್ಲ.
ಧೂಳು ಕೂತು ಕೂತು ಈಗ ಅದೇ ಒಂದು ಬೊಟ್ಟು,
ಉಗುರಿನಿಂದ ಕೆರೆಯುತ್ತೇನೆ, ಗೇಟು ಬಿದ್ದಾಗಲೆಲ್ಲ.