ಮಿಟುಕು

ಮೂವತ್ತೊಂದು ವರ್ಷ ಊರವರ ಮೀಟರು ಓದಿದವನು ನಾನು.
ಜಗಲಿ ಮೇಲೆ ನಿಂತೇ ಹೇಳುತ್ತಿದ್ದೆ:
ಗಾಜಿನೊಳಗೆ ಚಕ್ರದ ಕೆಂಪು ಗುರುತು
ಎಮ್ಮೆಯ ಹಾಗೆ ಬಂದರೆ ಒಂದು ಬಲ್ಬು, ಒಂದು ಫ್ಯಾನು;
ಬಾಲಕ್ಕೆ ಬೆಂಕಿ ಬಿದ್ದಂತೆ ಓಡಿದರೆ
ಯಾರೋ ಬಚ್ಚಲಿಗೆ ಹೊರಟಿದ್ದಾರೆ.

ಈಗ ದಟ್ಟಗಳ್ಳಿಯ ಮೂರನೇ ಮಹಡಿ,
ಧನುರ್ಮಾಸ,
ಹನ್ನೊಂದು ದಿನದ ಮೊಮ್ಮಗಳು.
ಬಿಲ್ಡರು ಹಾಸಿದ ಬಿಳಿ ಟೈಲು
ಬೆಳಗಿನ ಜಾವ ಕಾಲಿಗೆ ತಗುಲಿದರೆ ಹಲ್ಲು ಜುಮ್ಮೆನ್ನುತ್ತೆ.

ಎರೆಯಲು ಬರುವ ಕೆಂಪಾಜಮ್ಮ ಮೂಗು ಮುರಿದಳು:
"ಇದೇನ್ ಸ್ವಾಮಿ, ಬಾಣಂತಿ ಕೋಣೆಯೋ, ಐಸ್‌ಕ್ಯಾಂಡಿ ಡಬ್ಬವೋ?
ಒಂದು ಬಾಂಡ್ಲಿ ಕೆಂಡ ಮಂಚದ ಕೆಳಗಿಡಿ,
ಬಾಗಿಲು ಹಾಕಿ."
ಹಾಗೆ ಕೆಂಡವಿಟ್ಟು ಬಾಗಿಲು ಹಾಕಿ ಮಲಗಿದವರ ಮನೆಗೆ
ಬಿಲ್ಲು ಬಾಕಿಯೆಂದು ಫ್ಯೂಸು ಕೀಳಲು ಹೋಗಿದ್ದೆ, ಬಹಳ ಹಿಂದೆ.
ಅದನ್ನು ಹೇಳಲಿಲ್ಲ.
"ಕರೆಂಟಿಂದು ತರ್ತೀನಿ" ಅಂದೆ.

ಶಿವರಾಂಪೇಟೆ. ಇಮ್ದಾದ್ ಸಾಬರ ಅಂಗಡಿ.
ಒಂಬೈನೂರಕ್ಕೆ ಕಂಬಿ ಕೆಂಪಾಗುವುದು:
ಮುಂದೆ ಕೂತರೆ ಮುಖ ಸುಟ್ಟ ಹಪ್ಪಳ, ಬೆನ್ನು ಮಂಜುಗಡ್ಡೆ.
ಹದಿನೆಂಟು ನೂರಕ್ಕೆ ಊದುವುದು,
ಮಗು ಮಲಗಿದ ಕೋಣೆಯಲ್ಲಿ ಹಿಟ್ಟಿನ ಗಿರಣಿ.
ಒಂಬತ್ತು ಸಾವಿರಕ್ಕೆ ಎಣ್ಣೆ ತುಂಬಿದ್ದು,
ಪಕ್ಕೆಲುಬೆಲ್ಲ ಕಾಣುವ ಮೂಕ ಪ್ರಾಣಿ, ಗಾಲಿ ಬೇರೆ.
ಅಳಿಯ ಕೇಳಿದ:
"ಯಾವುದು ಮಾವ ಕಡಿಮೆ ಕರೆಂಟು ಕುಡಿಯೋದು?"

ನಗು ಬಂತು.
ಒಂದು ಯೂನಿಟ್ಟು ಯಾವ ಕಂಬಿಗೆ ಹೋದರೂ
ಒಂದು ಯೂನಿಟ್ಟಿನಷ್ಟೇ ಕಾವು ಕಣಪ್ಪ.
ಪೆಟ್ಟಿಗೆ ಮೇಲೆ ಏನೇ ಬರೆದಿರಲಿ,
ಶಾಖದಲ್ಲಿ ಚೌಕಾಸಿ ಇಲ್ಲ.
ಕೇಳಬೇಕಾದ್ದು ಬೇರೆ:
ಬಂದ ಕಾವು ಎಲ್ಲಿಂದ ಹೋಗುತ್ತೆ,
ಸಾಕು ಅಂತ ಯಾರಿಗೆ ಗೊತ್ತಾಗುತ್ತೆ.

ಅಂದು ಬರಿಗೈಲಿ ಬಂದೆವು. ಸಾಬರು ಚಹಾ ಕುಡಿಸಿದ್ದು ದಂಡ.
ಊದುಬತ್ತಿ ಹಚ್ಚಿ ಕೋಣೆ ಸುತ್ತಿದೆ,
ಹೊಗೆ ಬಾಗಿದ ಕಡೆಯೆಲ್ಲ ಒಬ್ಬ ಕಳ್ಳ.
ಬಾಗಿಲ ಕೆಳಗೆ ಎರಡು ಬೆರಳ ಸಂದಿ:
ರತ್ನಾವತಿಯ ಹಳೇ ನೂಲಿನ ಸೀರೆ ಸುರುಳಿ ಸುತ್ತಿ ಒತ್ತಿದೆ.
ಎಸಿಗೆಂದು ಕೊರೆದು ಎಸಿಯೇ ಬರದ ತೂತು:
ಬಟ್ಟೆ ತುರುಕಿ ರಟ್ಟು ಬಡಿದೆ.
ಟೈಲಿನ ಮೇಲೆ ನಮ್ಮ ಮದುವೆಯ ಜಮಖಾನ.
ವೆಂಟಿಲೇಟರು ಮಾತ್ರ ಒಂದು ಬೆರಳು ತೆರೆದೇ ಇಟ್ಟೆ;
ಉಸಿರಿಗೆ ಲೆಕ್ಕ ಹಾಕಬಾರದು.
ಖರ್ಚು: ಊದುಬತ್ತಿ ಒಂದು.

ಆಮೇಲೆ ಬಂತು ಮೂಕ ಪ್ರಾಣಿ. ಸಣ್ಣದು, ಏಳೇ ಪಕ್ಕೆಲುಬು.
ಐನೂರು ಬಿಡಿಸಿದ್ದು ರತ್ನಾವತಿ.
ಮೊದಲ ಬೆಳಿಗ್ಗೆಯೇ ಗೀಸರೂ ಅದೂ ಒಟ್ಟಿಗೆ. ಟಪ್.
ಕತ್ತಲು.
ಸೀಗೆಪುಡಿ ಕಣ್ಣಿಗೆ ಹೋಗಿ ಮಂಜರಿ ಬಚ್ಚಲಿಂದ "ಅಪ್ಪಾ" ಅಂದಳು,
ನನ್ನನ್ನೋ, ಇಲಾಖೆಯನ್ನೋ.
ಊರಿನ ಲೋಡೆಲ್ಲ ಬಾಯಿಪಾಠ;
ಮನೆಯದು ಎರಡೇ ಕಿಲೋವ್ಯಾಟು ಅನ್ನುವುದು ಮರೆತಿದ್ದೆ.
"ಕೆಂಡ ಟಪ್ ಅನ್ನಲ್ಲ ಬುದ್ಧಿ" ಅಂತು ಕತ್ತಲೊಳಗಿಂದ ಒಂದು ದನಿ.
ಈಗ ಗೀಸರಿಗೆ ಐದರಿಂದ ಆರು, ಇದಕ್ಕೆ ಉಳಿದ ಹೊತ್ತು,
ಗೋಡೆಗೆ ಚೀಟಿ.

ಇನ್ನೂರರ ಗೆರೆ ದಾಟಿದರೆ ಪೂರ್ತಿ ಬಿಲ್ಲು ತಲೆ ಮೇಲೆ.
ಅದಕ್ಕೇ ಅಂತ ಹೇಳಿಕೊಂಡು
ರಾತ್ರಿ ಎರಡಕ್ಕೆ ಇಳಿಯುತ್ತೇನೆ ಬೇಸ್‌ಮೆಂಟಿಗೆ.
ಹನ್ನೆರಡು ಮೀಟರು ಸಾಲಾಗಿ, ಚಕ್ರವಿಲ್ಲದವು,
ಒಂದೊಂದಕ್ಕೆ ಒಂದು ಕೆಂಪು ಚುಕ್ಕಿ.
ಮೂರು ಸಾವಿರದ ಇನ್ನೂರು ಮಿಟುಕಿಗೆ ಒಂದು ಯೂನಿಟ್ಟು.
ನಮ್ಮದು ನನ್ನ ನಾಡಿಯ ವೇಗಕ್ಕೇ ಮಿಟುಕುತ್ತಿದೆ,
ಯಾವುದನ್ನು ಎಣಿಸುತ್ತಿದ್ದೇನೋ ಮರೆಯುವಷ್ಟು.
ವಾಚ್‌ಮನ್ ಬೋರಲಿಂಗ ಒಂದು ಕಣ್ಣು ತೆರೆದು ಸುಮ್ಮನಾಗುತ್ತಾನೆ.
ಅವನ ಕಂಬಳಿಗೆ ಮೀಟರಿಲ್ಲ.

ನಡುವೆ ಒಮ್ಮೆ ಮಿಟುಕು ತಡೆಯುತ್ತದೆ.
ತುಂಬ ಹೊತ್ತು.
ಒಂದು; ಫ್ರಿಜ್ಜಿನದೋ, ಝೀರೋ ಬಲ್ಬಿನದೋ.
ಮೇಲೆ ಆ ಪ್ರಾಣಿ ತಾನಾಗಿ ಕಟ್ ಎಂದಿದೆ,
ಕೋಣೆಗೆ ಸಾಕಾಗಿದೆ.

ಹತ್ತಬೇಕು ಮೆಟ್ಟಿಲು.
ಇನ್ನೂ ಸ್ವಲ್ಪ ನಿಂತು ಓದುತ್ತೇನೆ.